ಸಹಾಯವಿಲ್ಲದೆ ಎದ್ದರು

ಮೊದಲು ಗೊತ್ತಾದದ್ದು ಕಾಫಿಯಿಂದ.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಪ್ರಭಾ ಲೋಟ ತಂದು ಕೈಗೆ ಕೊಟ್ಟಳು. ಬಿಸಿ ಇತ್ತು. ಸಿಹಿ ಇತ್ತು. ಕಾಫಿ ಇರಲಿಲ್ಲ. ಇನ್ನೊಂದು ಗುಟುಕು ಕುಡಿದೆ. ತಲೆಗೆ ಪೆಟ್ಟು ಬಿದ್ದವನಿಗೆ ಕಾಫಿ ಕೊಡಬೇಡಿ ಅಂತ ಡಾಕ್ಟರ್ ಹೇಳಿರಬೇಕು, ಬಿಸಿನೀರಿಗೆ ಸಕ್ಕರೆ ಹಾಕಿ ಕೊಟ್ಟಿದ್ದಾಳೆ ಅಂದುಕೊಂಡೆ. ಲೋಟದೊಳಗೆ ಇಣುಕಿದೆ. ಬಣ್ಣ ಕಾಫಿಯದೇ. ಮೇಲೆ ನೊರೆಯೂ ಇತ್ತು.

"ಹೊಸ ಪುಡಿನಾ?" ಅಂದೆ.

ಹದಿನೆಂಟು ವರ್ಷದಿಂದ ಒಂದೇ ಅಂಗಡಿಯ ಪುಡಿ ತರುವವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಒಳಗೆ ಹೋಗಿ ಬೆಳ್ಳುಳ್ಳಿ ಜಜ್ಜಿ ತಂದು ಮೂಗಿನ ಹತ್ತಿರ ಹಿಡಿದಳು. ಇಂಗಿನ ಡಬ್ಬಿ ತೆರೆದಳು. ಕರ್ಪೂರ ತಂದಳು. ನಾನು ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದೆ.

ಅದಕ್ಕೆ ಹದಿಮೂರು ದಿನ ಮೊದಲು, ಹಳೇ ವಿಮಾನ ನಿಲ್ದಾಣದ ರಸ್ತೆಯಿಂದ ಜೀವನ್ ಬಿಮಾ ನಗರದ ನಮ್ಮ ಬೀದಿಯ ಕಡೆಗೆ ಸ್ಕೂಟರ್ ತಿರುಗಿಸುವಾಗ ಹಿಂದಿನಿಂದ ಒಂದು ಗೂಡ್ಸ್ ಗಾಡಿ ಗುದ್ದಿತ್ತಂತೆ. 'ಅಂತೆ' ಅನ್ನಲು ಕಾರಣವಿದೆ. ನನಗೆ ಒಂದು ಚೂರೂ ನೆನಪಿಲ್ಲ. ನನ್ನ ಬದುಕಿನ ಆ ಸಂಜೆಯನ್ನು ನಾನು ಎಫ್‌ಐಆರ್ ಓದಿ ತಿಳಿದುಕೊಂಡವನು. ನಾಲ್ಕು ದಿನ ಐಸಿಯು. ಎಂಟು ದಿನ ವಾರ್ಡು. ಕೈಕಾಲು ಮುರಿದಿರಲಿಲ್ಲ. ಮುಖದ ಮೇಲೆ ಒಂದು ಹೊಲಿಗೆ ಕೂಡ ಇರಲಿಲ್ಲ.

ಸಿ.ಟಿ. ಸ್ಕ್ಯಾನ್‌ನಲ್ಲಿ ಹಣೆಯ ಹಿಂದೆ, ಫ್ರಾಂಟಲ್ ಲೋಬ್‌ನಲ್ಲಿ, ಹುಣಸೆ ಬೀಜದಷ್ಟು ಒಂದು ಬಿಳಿ ಕಲೆ ಇತ್ತು.

"ವಾಸನೆಯ ನರಗಳು ಕೂದಲೆಳೆ ಥರ ಇರ್ತವೆ, ನಾಗೇಂದ್ರ ಅವರೇ. ತಲೆ ಅಲುಗಿದಾಗ ಕತ್ತರಿಸಿ ಹೋಗ್ತವೆ. ಕೆಲವರಿಗೆ ವಾಪಸ್ ಬರುತ್ತೆ" ಅಂದರು ನ್ಯೂರೋ ಡಾಕ್ಟರ್.

"ಬರದಿದ್ರೆ?"

"ಅಭ್ಯಾಸ ಆಗುತ್ತೆ."

ಪ್ರಭಾಳನ್ನು ಮಾತ್ರ ಬೇರೆಯಾಗಿ ಕರೆದು ಇನ್ನೇನೋ ಹೇಳಿದರು. ಸಿಟ್ಟು ಬರಬಹುದು, ಪದಗಳು ಸಿಗದೆ ಒದ್ದಾಡಬಹುದು, ಒಬ್ಬರನ್ನೇ ಬಿಡಬೇಡಿ ಅಂತ. ಅವಳು ಅದನ್ನು ನನಗೆ ಹೇಳಿದ್ದು ಮೂರು ತಿಂಗಳ ನಂತರ, ಹೇಳುವ ಅಗತ್ಯವೇ ಉಳಿಯದಿದ್ದಾಗ.

ನನ್ನ ಕೆಲಸ ಏನಾಗಿತ್ತು ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಮುಚ್ಚಿಟ್ಟರೆ ಮುಂದಿನದ್ದೆಲ್ಲ ಅರ್ಧ ಸತ್ಯವಾಗುತ್ತದೆ, ಮತ್ತು ಅರ್ಧ ಸತ್ಯ ಹೇಳುವುದರಲ್ಲಿ ನಾನು ಆಗಲೇ ಸಾಕಷ್ಟು ಪಳಗಿದವನು.

ಇಪ್ಪತ್ತೆರಡು ವರ್ಷ ನಾನು ವಿಮಾ ಕಂಪನಿಗಳ ಪರವಾಗಿ ಅಪಘಾತದ ಕ್ಲೇಮುಗಳನ್ನು ತನಿಖೆ ಮಾಡುತ್ತಿದ್ದೆ. ಗಾಡಿ ಗುದ್ದಿ ಗಾಯಗೊಂಡವರು ಪರಿಹಾರ ಕೇಳಿದರೆ ಅವರ ಮನೆಗೆ ಹೋಗುವುದು, ಅವರು ಹೇಳುವಷ್ಟು ನೋವು ನಿಜವಾಗಿ ಇದೆಯೋ ಅಂತ ನೋಡುವುದು, ವರದಿ ಬರೆಯುವುದು. ಹಲಸೂರಿನಿಂದ ಕೆ.ಆರ್. ಪುರದವರೆಗೆ ನಾನು ಹತ್ತದ ಮೆಟ್ಟಿಲಿಲ್ಲ. ಪರಿಹಾರದ ಮೊತ್ತಗಳು ಮಿತಿಮೀರಿವೆ ಅನ್ನುವುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಪೇಪರಿನಲ್ಲಿ ಯಾರಿಗೋ ಕೋಟಿ ಸಿಕ್ಕಿತು ಅಂತ ಬಂದರೆ ಬೀದಿ ಕೊನೆಯ ಹೋಟೆಲಿನಲ್ಲಿ ಭಾಷಣ ಶುರುಮಾಡುತ್ತಿದ್ದವನೇ ನಾನು. ಬಿದ್ದವರೆಲ್ಲ ಕೋಟ್ಯಧಿಪತಿಗಳಾದರೆ ಬೀಳದವರ ಪ್ರೀಮಿಯಂ ಏರದೆ ಇನ್ನೇನಾಗುತ್ತದೆ ಅಂತ. ತಲೆದೂಗಲು ಜನರಿಗೇನೂ ಬರವಿರಲಿಲ್ಲ. ಎದುರು ಮನೆಯ ನಿವೃತ್ತ ಮಂಜುನಾಥಯ್ಯನವರಂತೂ ನನ್ನ ಅತ್ಯಂತ ನಿಷ್ಠಾವಂತ ಶ್ರೋತೃ.

ಕೆಲಸದಲ್ಲಿ ನನ್ನದೇ ಒಂದು ಕ್ರಮ ಇತ್ತು. ಗದರಿಸಬಾರದು. ಅರ್ಧ ಡಜನ್ ಬಾಳೆಹಣ್ಣು ಹಿಡಿದು ಹೋಗಬೇಕು. ಚಪ್ಪಲಿ ಹೊರಗೆ ಬಿಡಬೇಕು. ಮನೆಯವರಂತೆ ಕೂತು 'ಹೇಗಿದ್ದೀರಿ?' ಅಂತ ಕೇಳಬೇಕು. ನಮ್ಮ ಜನ ಜೀವ ಹೋಗುತ್ತಿದ್ದರೂ ಆ ಪ್ರಶ್ನೆಗೆ 'ಪರವಾಗಿಲ್ಲ' ಅನ್ನುತ್ತಾರೆ. ಅದು ಆರೋಗ್ಯದ ವರದಿಯಲ್ಲ, ನಮಸ್ಕಾರಕ್ಕೆ ಕೊಡುವ ಪ್ರತಿನಮಸ್ಕಾರ ಅಷ್ಟೇ. ನನಗದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಬರೆಯುತ್ತಿದ್ದೆ.

ಮನೆಗೆ ಬಂದ ನಾಲ್ಕನೇ ವಾರ ಸೀಮೆಎಣ್ಣೆ ವಾಸನೆ ಶುರುವಾಯಿತು.

ಏನೂ ವಾಸನೆ ಬರದ ಮೂಗಿಗೆ ಇದ್ದಕ್ಕಿದ್ದಂತೆ ಅದೊಂದೇ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಬಿಸಿಲು ಹಾಲ್‌ನ ನೆಲದ ಮೇಲೆ ಬಿದ್ದಿರುವಾಗ, ಯಾರೋ ಪಕ್ಕದಲ್ಲೇ ಪಂಪ್ ಸ್ಟವ್ ಹಚ್ಚಿದಂತೆ. ನಾನು ಎದ್ದು ಅಡುಗೆಮನೆ, ಬಚ್ಚಲು, ಮಂಚದ ಕೆಳಗೆಲ್ಲ ಹುಡುಕಿದೆ.

"ಸೀಮೆಎಣ್ಣೆ ಕಣ್ಣಲ್ಲಿ ನೋಡಿ ಎಷ್ಟು ವರ್ಷ ಆಯ್ತು ರೀ? ಎಲ್ಲಿಂದ ಬರ್ಬೇಕು?" ಅಂದಳು ಪ್ರಭಾ.

ಡಾಕ್ಟರಿಗೆ ಇದು ಹೊಸದಲ್ಲ. ಫ್ಯಾಂಟೋಸ್ಮಿಯಾ ಅಂದರು. ಇಲ್ಲದ ವಾಸನೆ. ಕತ್ತರಿಸಿದ ನರ ಸುಳ್ಳು ಸುದ್ದಿ ಕಳಿಸುತ್ತದಂತೆ. ಕೆಲವರಿಗೆ ಸುಟ್ಟ ರಬ್ಬರ್, ಕೆಲವರಿಗೆ ಕೊಳೆತ ಹಣ್ಣು. ನನಗೆ ಸೀಮೆಎಣ್ಣೆ. ನಾನು ಅವರಿಗೆ ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಆ ವಾಸನೆಯ ಜೊತೆಗೆ ಒಂದು ದಿಗಿಲೂ ಬರುತ್ತಿತ್ತು. ಯಾರೋ ನನಗೋಸ್ಕರ ಕಷ್ಟಪಟ್ಟು ಏಳುತ್ತಿದ್ದಾರೆ, 'ಬೇಡ, ಕೂತ್ಕೊಳ್ಳಿ' ಅನ್ನಬೇಕು, ನಾನು ಅನ್ನುತ್ತಿಲ್ಲ. ಯಾರು, ಎಲ್ಲಿ, ಒಂದೂ ಹೊಳೆಯುತ್ತಿರಲಿಲ್ಲ. ಎಷ್ಟೋ ಸಲ ಖಾಲಿ ಹಾಲ್‌ನಲ್ಲಿ ನಾನೇ ಬಾಯಿಬಿಟ್ಟು 'ಬೇಡ' ಅಂದಿದ್ದೇನೆ. ಒಳಗಿನಿಂದ ಪ್ರಭಾ 'ಏನು ಬೇಡ?' ಅಂತ ಕೇಳುತ್ತಿದ್ದಳು.

ಒಂದು ದಿನ ಅವಳು ತರಕಾರಿಗೆ ಹೋಗಿ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ಗ್ಯಾಸ್ ತೆರೆದೇ ಇತ್ತು. ಬಾಗಿಲು ತೆರೆದ ಕೂಡಲೇ ಅವಳು ಚೀರಿದಳು.

ನಾನು ಎರಡು ಹೆಜ್ಜೆ ದೂರದಲ್ಲಿ ಪೇಪರ್ ಓದುತ್ತಿದ್ದೆ.

ಅವತ್ತಿನಿಂದ ಅವಳು ನನ್ನನ್ನು ಒಬ್ಬನೇ ಬಿಡಲಿಲ್ಲ. ಸಿ.ವಿ. ರಾಮನ್ ನಗರದ ನರ್ಸರಿ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವಳು ರಜೆ ಹಾಕಿದಳು, ರಜೆ ಮುಗಿದ ಮೇಲೆ ಸಂಬಳವಿಲ್ಲದ ರಜೆ ಹಾಕಿದಳು. ಕೊನೆಗೆ ಶಾಲೆಯವರು, "ಬರೋ ವರ್ಷ ಜೂನ್‌ವರೆಗೂ ನಿಮ್ಮ ಜಾಗ ಇಟ್ಟಿರ್ತೀವಿ, ಆಮೇಲೆ ಆಗಲ್ಲ ಮೇಡಂ" ಅಂದರು. ಅವಳು ನನ್ನ ಮುಂದೆ ಅಳಲಿಲ್ಲ. ಹಳೆಯ ಚಾರ್ಟುಗಳನ್ನು, ಅ ಅಂದರೆ ಅಗಸ, ಆ ಅಂದರೆ ಆನೆ, ಸುರುಳಿ ಸುತ್ತಿ ಕಪಾಟಿನ ಮೇಲೆ ಇಟ್ಟಳು.

ಸಿಟ್ಟಿನ ವಿಷಯ ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಹತ್ತನೇ ಕ್ಲಾಸಿನ ನನ್ನ ಮಗಳು ನಿತ್ಯಾ ಒಂದು ಮಧ್ಯಾಹ್ನ ಜ್ಯೂಸ್ ಮಾಡಲೆಂದು ಮಿಕ್ಸಿ ಹಾಕಿದಳು. ಆ ಸದ್ದು ತಲೆಯೊಳಗೆ ಹೊಕ್ಕು ಕೊರೆಯತೊಡಗಿತು. 'ನಿಲ್ಲಿಸು' ಅನ್ನಬೇಕು. ಆ ಪದ ಸಿಗಲಿಲ್ಲ. ಪದ ಹುಡುಕುತ್ತಾ ಹುಡುಕುತ್ತಾ ಕೈಗೆ ಸಿಕ್ಕಿದ ಸ್ಟೀಲ್ ಲೋಟವನ್ನು ಬೀಸಿ ಎಸೆದೆ. ಅದು ಅವಳ ಕಿವಿಯ ಪಕ್ಕದಲ್ಲಿ ಗೋಡೆಗೆ ಬಡಿದು ಬಿತ್ತು. ಹುಟ್ಟಿದಂದಿನಿಂದ ನಾನು ಆ ಮಗುವಿಗೆ ಗದರಿದವನೂ ಅಲ್ಲ. ಅವಳು ಮಿಕ್ಸಿ ಆರಿಸಿದಳು. ನನ್ನ ಕಡೆ ನೋಡಲಿಲ್ಲ. ಪ್ರಭಾ ಓಡಿ ಬಂದಾಗ ಅವಳನ್ನು ಕೇಳಿದಳು:

"ಅಮ್ಮಾ, ಅಪ್ಪ ಯಾವಾಗ ವಾಪಸ್ ಬರ್ತಾರೆ?"

ನಾನು ಅಲ್ಲೇ ಕೂತಿದ್ದೆ.

ಹೊರಗಿನವರಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತರೆ ಮಂಜುನಾಥಯ್ಯನವರು ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು, "ನೋಡೋಕೆ ಮೊದಲಿಗಿಂತ ಚೆನ್ನಾಗೇ ಇದೀರಲ್ಲ ನಾಗೇಂದ್ರ!" ನಾನು ನಗುತ್ತಿದ್ದೆ. ನೆಲ ತೊಟ್ಟಿಲಿನಂತೆ ತೂಗುವಾಗಲೂ ಗೇಟಿನ ಸರಳು ಹಿಡಿದು ನಗುತ್ತಿದ್ದೆ.

ನನ್ನ ಕೆಲಸ ಹೋಗಿತ್ತು. ಬೀದಿ ಬೀದಿ ಅಲೆಯುವ, ಮುಖ ನೆನಪಿಡುವ, ವಾಕ್ಯ ಜೋಡಿಸುವ ಕೆಲಸವನ್ನು ತಲೆ ತಿರುಗುವವನು ಮಾಡಲಾರ. ನನ್ನನ್ನು ನೋಡಿಕೊಳ್ಳಲು ಹಗಲು ಹೊತ್ತು ಒಬ್ಬರನ್ನು ಇಟ್ಟುಕೊಂಡರೆ ಮಾತ್ರ ಪ್ರಭಾ ಶಾಲೆಗೆ ಹೋಗಬಹುದು. ಅದಕ್ಕೆ ದಾರಿ ಒಂದೇ. ಪರಿಹಾರ ಕೇಳುವುದು, ಇಪ್ಪತ್ತೆರಡು ವರ್ಷ ನಾನು ಬೇರೆಯವರ ಕಾಲೆಳೆದ ದಾರಿ.

ಕ್ಲೇಮು ಹಾಕಲು ಶಿವಾಜಿನಗರಕ್ಕೆ ಆಟೋದಲ್ಲಿ ಹೋದೆವು. ಪ್ರಭಾಳ ಕೈಯಲ್ಲಿದ್ದ ಸ್ಕ್ಯಾನ್ ಕವರು ನೋಡಿ ಡ್ರೈವರ್ ಮಾತು ಶುರುಮಾಡಿದ. "ಆಕ್ಸಿಡೆಂಟ್ ಕೇಸಾ ಸಾರ್? ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತ್ ಹೇಳ್ತೀನಿ. ಬಿದ್ದೋರ್ಗೆಲ್ಲ ಲಕ್ಷ ಲಕ್ಷ ಕೊಡ್ತಾರೆ, ಅದು ಯಾರ್ ಜೇಬಿಂದ? ನಮ್ದೇ ಅಲ್ವಾ? ಈ ಸಲ ಇನ್ಶೂರೆನ್ಸ್ ಕಟ್ಟೋಕೆ ಹೆಂಡ್ತಿ ಬಳೆ ಇಟ್ಟೆ ಸಾರ್, ಅಲ್ಲಾ ಕಸಮ್."

ಅವನ ಮಾತು ನನ್ನದೇ ಭಾಷಣ. ನಾನು ಹೇಳುವಾಗ ಬಳೆಯ ವಿಷಯ ಮಾತ್ರ ಇರುತ್ತಿರಲಿಲ್ಲ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಬಳೆಯೂ ನಿಜ, ನಮ್ಮ ಮನೆಯ ಗ್ಯಾಸೂ ನಿಜ. ಎರಡನ್ನೂ ಒಟ್ಟಿಗೆ ತೂಗುವ ತಕ್ಕಡಿ ಎಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ವಕೀಲೆ ಸಲ್ಮಾ ಮೇಡಂ ಅವರ ಆಫೀಸು ಮಾರ್ಕೆಟ್ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮಹಡಿ ಮೇಲೆ. ಗಾಯಾಳುಗಳ ಪರ ವಾದಿಸುವವರು. ಅಂದರೆ ಯಾವಾಗಲೂ ನನ್ನ ಎದುರು ಪಕ್ಷ. ನನ್ನನ್ನು ನೋಡಿ ಕನ್ನಡಕ ತೆಗೆದರು.

"ನಿಮ್ಮ ರಿಪೋರ್ಟ್‌ಗಳಿಂದ ನಾನು ಎಷ್ಟು ಕೇಸ್ ಸೋತಿದೀನಿ ಗೊತ್ತಾ ನಾಗೇಂದ್ರ ಸರ್?"

"ಗೊತ್ತು ಮೇಡಂ. ಅದಕ್ಕೇ ನಿಮ್ಮ ಹತ್ರ ಬಂದೆ."

ಅವರು ನಗಲಿಲ್ಲ. ಫೈಲು ಮಾತ್ರ ತೆಗೆದುಕೊಂಡರು. ಹೊರಡುವಾಗ, "ನಿಮ್ಮ ಮನೆಗೂ ಯಾರಾದ್ರೂ ಬರ್ತಾರೆ, ಹುಷಾರು" ಅಂದರು. ಆ ಮಾತಿಗೆ ನಾನು ನಕ್ಕೆ. ನನಗೇ ಹೇಳುತ್ತಾರಲ್ಲ ಅಂತ.

ಕ್ಲೇಮಿನ ಸುದ್ದಿ ಬೀದಿಗೆ ಹೇಗೆ ತಲುಪಿತೋ ಗೊತ್ತಿಲ್ಲ. ವಾರದೊಳಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೋಟಿ ಪರಿಹಾರದ ಹಳೆಯ ಸುದ್ದಿಯೊಂದನ್ನು ಹಾಕಿದರು. ಅದರ ಕೆಳಗೆ ಮಂಜುನಾಥಯ್ಯನವರು, "ನಮ್ಮ ಬೀದಿಗೂ ಒಬ್ಬರು ಕೋಟ್ಯಧಿಪತಿ ಬರುವ ಸೂಚನೆ" ಅಂತ ಬರೆದು ನಗುವ ಮುಖ ಹಾಕಿದ್ದರು. ಇಪ್ಪತ್ತು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ದರು. ಪ್ರಭಾ ಒಂದು ಮಾತೂ ಬರೆಯದೆ ಗುಂಪು ಬಿಟ್ಟಳು.

ವಿನೋದ್ ಬಂದದ್ದು ಅದೇ ದಿನಗಳಲ್ಲಿ.

ವಿನೋದ್ ನನ್ನ ಜೊತೆ ಎರಡು ವರ್ಷ ಇದ್ದು ಕೆಲಸ ಕಲಿತವನು. ಈಗ ಅವನದೇ ಆಫೀಸಿದೆ. ಅಪಘಾತವಾದ ಮೇಲೆ ನಮ್ಮ ಕಸುಬಿನವರು ಒಬ್ಬರೂ ಮನೆಗೆ ಬಂದಿರಲಿಲ್ಲ. ಅವನು ಚಪ್ಪಲಿ ಹೊರಗೆ ಬಿಟ್ಟು, ಬಾಳೆಹಣ್ಣಿನ ಕವರು ಟೀಪಾಯಿ ಮೇಲಿಟ್ಟು, "ನೋಡ್ಕೊಂಡು ಹೋಗೋಣ ಅಂತ ಬಂದೆ ಸರ್" ಅಂದ. ನಾನು ಎದ್ದು ಕೈಕುಲುಕಿದೆ.

"ಹೇಗಿದೀರಾ ಸರ್?"

"ಪರವಾಗಿಲ್ಲಪ್ಪ."

ಹಳೆಯ ಕಥೆಗಳನ್ನೆಲ್ಲ ಹೇಳಿ ಅವನನ್ನು ನಗಿಸಿದೆ. ಗೇಟಿನವರೆಗೆ ಹೋಗಿ ಬೀಳ್ಕೊಟ್ಟೆ. ವಾಪಸ್ ಬಂದು ಮಲಗಿದವನು ಎರಡು ದಿನ ಏಳಲಿಲ್ಲ. ಆದರೂ ಖುಷಿಯಾಗಿದ್ದೆ. ಒಬ್ಬನಾದರೂ ಬಂದನಲ್ಲ ಅಂತ ಪ್ರಭಾಗೆ ಎರಡು ಸಲ ಹೇಳಿದೆ. ಬಾಳೆಹಣ್ಣನ್ನು ಮೂವರೂ ಹಂಚಿಕೊಂಡು ತಿಂದೆವು.

ಆರು ತಿಂಗಳ ನಂತರ ಟ್ರಿಬ್ಯುನಲ್‌ನಲ್ಲಿ ನನ್ನ ಸರದಿ ಬಂತು. ಅಷ್ಟರಲ್ಲಿ ಡಾಕ್ಟರ ಹೇಳಿಕೆ ಮುಗಿದಿತ್ತು. ಕೈಗೆ ಇಷ್ಟು, ಕಾಲಿಗೆ ಇಷ್ಟು ಅಂತ ಅವರ ಪಟ್ಟಿಯಲ್ಲಿ ಶೇಕಡಾವಾರು ಇದೆ. ವಾಸನೆಗೆ ಒಂದು ಸಣ್ಣ ಅಂಕಿ ಇದೆ. ಮಗಳು ಈಗ ನನಗೆ ಹೆದರಿ ಹಾಲ್‌ಗೆ ಬರುವ ಮುಂಚೆ ಬಾಗಿಲು ತಟ್ಟುವುದಕ್ಕೆ ಯಾವ ಅಂಕಿಯೂ ಇಲ್ಲ.

ಕಂಪನಿಯ ವಕೀಲರು ನನಗೆ ಪರಿಚಿತರು. ಎಷ್ಟೋ ಸಲ ಒಟ್ಟಿಗೆ ಕಾಫಿ ಕುಡಿದಿದ್ದೇವೆ. ಮರ್ಯಾದಸ್ಥರು. ಒಂದು ಕಾಗದ ತೆಗೆದು, ಇಂಗ್ಲಿಷ್‌ನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದರು.

"ಕ್ಲೇಮು ಕೇಳಿದವರು ಸಹಾಯವಿಲ್ಲದೆ ಎದ್ದರು. ಕೈಕುಲುಕಿದರು. 'ಪರವಾಗಿಲ್ಲ' ಎಂದರು. ಹಳೆಯ ಘಟನೆಗಳನ್ನು ತಪ್ಪಿಲ್ಲದೆ ನೆನಪಿಸಿಕೊಂಡು ತಮಾಷೆ ಮಾಡಿದರು. ಗೇಟಿನವರೆಗೆ ನಡೆದು ಬಂದು ಬೀಳ್ಕೊಟ್ಟರು."

ಕೆಳಗೆ ವಿನೋದನ ಸಹಿ.

ವಾಕ್ಯಗಳು ನನ್ನವು.

ಒಂದೊಂದೂ ನಾನೇ ಕಲಿಸಿದ್ದು. ವಿಶೇಷಣ ಬೇಡ, ಕ್ರಿಯಾಪದ ಸಾಕು, ಓದುವವರೇ ತೀರ್ಮಾನಕ್ಕೆ ಬರಲಿ ಅಂತ ಅವನ ಕರಡುಗಳನ್ನು ನಾನೇ ತಿದ್ದುತ್ತಿದ್ದೆ.

"ನೀವೂ ಇಂಥ ವರದಿಗಳನ್ನ ನೂರಾರು ಬರ್ದಿದೀರಿ. ಹೌದಲ್ವಾ?"

"ಹೌದು."

"ಅವೆಲ್ಲ ನಿಜಾನಾ, ಸುಳ್ಳಾ?"

ಸಲ್ಮಾ ಮೇಡಂ ಎದ್ದು ಆಕ್ಷೇಪಿಸಿದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, "ಉತ್ತರ ಹೇಳಲಿ" ಅಂದರು.

ಎರಡೂ ಕಡೆ ಕೊಯ್ಯುವಂಥ ಪ್ರಶ್ನೆ. ನಿಜ ಅಂದರೆ ವಿನೋದನ ವರದಿಯೂ ನಿಜ, ನಾನು ಆರೋಗ್ಯವಾಗಿದ್ದೇನೆ, ಮನೆಗೆ ಹೋಗಬಹುದು. ಸುಳ್ಳು ಅಂದರೆ ನಾನು ಇಪ್ಪತ್ತೆರಡು ವರ್ಷ ಸುಳ್ಳು ಬರೆದು ಹೊಟ್ಟೆ ಹೊರೆದವನು, ಇವತ್ತು ಮಾತ್ರ ನನ್ನನ್ನು ಯಾಕೆ ನಂಬಬೇಕು? ಹಿಂದಿನ ಬೆಂಚಿನಲ್ಲಿ ಪ್ರಭಾ ಕೂತಿದ್ದಳು. ಜೂನ್‌ಗೆ ಎರಡೂವರೆ ತಿಂಗಳಿತ್ತು.

ಆಗ ಸೀಮೆಎಣ್ಣೆ ವಾಸನೆ ಬಂತು.

ಗಾಳಿ, ಬೆಳಕು, ಫ್ಯಾನು ಎಲ್ಲ ಇರುವ ಆ ಕೋಣೆಯಲ್ಲಿ, ಕಟಕಟೆಯೊಳಗೆ, ಕಣ್ಣು ಉರಿಯುವಷ್ಟು ದಟ್ಟವಾಗಿ. ಈ ಸಲ ಅದರ ಹಿಂದೆಯೇ ಒಂದು ಕೈ ಕಾಣಿಸಿತು, ಹಸಿರು ಗಾಜಿನ ಬಳೆ ತೊಟ್ಟು ಸ್ಟವ್ ಪಂಪ್ ಮಾಡುತ್ತಿದ್ದ ಕೈ. ಒಂದೂಕಾಲು ವರ್ಷದಿಂದ ನನ್ನ ಮನೆಯಲ್ಲಿ ಆ ವಾಸನೆಯ ಜೊತೆ ದಿನವೂ ಕಷ್ಟಪಟ್ಟು ಏಳುತ್ತಿದ್ದವಳು ಯಾರು ಅಂತ ನನಗೆ ಗೊತ್ತಾಯಿತು.

"ನಿಜ ಸರ್" ಅಂದೆ. "ಒಂದೂ ಸುಳ್ಳಲ್ಲ."

ವಕೀಲರು ಕೂರಲು ಹೊರಟರು.

"ಪೂರ್ತಿ ಅಲ್ಲ ಸರ್. ಹೇಳ್ತೀನಿ, ಸ್ವಲ್ಪ ತಡವರಿಸ್ತೀನಿ, ಟೈಮ್ ಕೊಡಿ."

ಹೇಳಿದೆ. ಏಳು ವರ್ಷದ ಹಿಂದಿನ ಮಾತು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಶರಣಮ್ಮ ಅನ್ನುವವಳಿಗೆ ನೀರಿನ ಟ್ಯಾಂಕರ್ ಗುದ್ದಿ ಸೊಂಟದ ಮೂಳೆ ಮುರಿದಿತ್ತು. ಕೆ.ಆರ್. ಪುರ ಸ್ಟೇಷನ್ ಹಿಂದೆ, ಶೀಟಿನ ಒಂದು ಬಾಡಿಗೆ ಕೋಣೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಗಂಡ ಕೆಲಸಕ್ಕೆ ಹೋಗಿದ್ದ. ನಾನು ಬಾಳೆಹಣ್ಣು ಕೊಟ್ಟು, "ಹೇಗಿದ್ದೀಯಮ್ಮ?" ಅಂದೆ. ಚಾಪೆಯ ಮೇಲಿದ್ದವಳು, "ಆರಾಮ್ ಅದೀನ್ರಿ ಸರ, ನೀವ್ ಆರಾಮ್ ಅದೀರಿ?" ಅಂದಳು. ಆ ಕಡೆಯವರು ಎದುರಿಗೆ ಬಂದವರಿಗೆಲ್ಲ ಅನ್ನುವ ಮಾತು. ಅಂದವಳು ನನಗೆ ಟೀ ಮಾಡಲು ಎದ್ದಳು.

"ಸಹಾಯವಿಲ್ಲದೆ ಎದ್ದು ಟೀ ಮಾಡಿಕೊಟ್ಟರು ಅಂತ ಬರ್ದೆ. ಅದು ನಿಜ. ಏಳೋಕೆ ಮುಂಚೆ ಸೆರಗಿನ ತುದೀನ ಬಾಯೊಳಗೆ ತುರುಕ್ಕೊಂಡು ಕಚ್ಚಿದ್ಲು. ಸದ್ದು ಬರಬಾರದು ಅಂತ. ಅದನ್ನ ಬರೀಲಿಲ್ಲ. ಗೋಡೆ ಹಿಡ್ಕೊಂಡು ಸ್ಟವ್ ಹತ್ರ ಜಾರಿ ಕೂತ್ಲು. ಅದನ್ನ ಬರೀಲಿಲ್ಲ. ಟೀ ಕೊಟ್ಟ ಮೇಲೆ ಮತ್ತೆ ಕೂರೋಕೆ ಆಗ್ದೆ, ನಾನು ಕುಡಿದು ಮುಗಿಸೋವರೆಗೂ ಗೋಡೆಗೆ ಅಂಟ್ಕೊಂಡು ನಿಂತಿದ್ಲು. ಬೇಡ ಕೂತ್ಕೋಮ್ಮ ಅಂತ ನಾನು ಅನ್ಲಿಲ್ಲ. ಅಂದಿದ್ರೆ ಅವಳು ಏಳ್ತಿರ್ಲಿಲ್ಲ. ಎದ್ದದ್ದು ನನಗೆ ಬೇಕಿತ್ತು ಸರ್."

ಟೈಪ್ ಮಾಡುತ್ತಿದ್ದ ಹೆಂಗಸು ನಿಲ್ಲಿಸಿದಳು. ನ್ಯಾಯಾಧೀಶರು, "ನಿಮ್ಮ ಕೇಸಿನ ವಿಷಯ ಹೇಳಿ" ಅಂದರು.

ಹೇಳಿದೆ. ಕೈಕುಲುಕಿದ್ದು ಬೀಳದಿರಲಿ ಅಂತ. ಗೇಟಿನವರೆಗೆ ಹೋದದ್ದು ವಿನೋದನ ಹೆಗಲು ಹಿಡಿ­ದು, ಅವನು ತಿರುಗಿದ ಕೂಡಲೇ ತುಳಸಿ ಗಿಡದ ಬುಡದಲ್ಲಿ ವಾಂತಿ ಮಾಡಿದ್ದು. ಎರಡು ದಿನ ಏಳದೆ ಮಲಗಿದ್ದು. ಆಮೇಲೆ ಲೋಟದ ವಿಷಯಕ್ಕೆ ಬಂದೆ. ಅದನ್ನು ಹೇಳಬಾರದು, ಮಗಳ ಮಾನದ ಪ್ರಶ್ನೆ ಅಂತ ಪ್ರಭಾ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಮಾತು ಮುರಿದೆ. ಮಗಳು ಕೇಳಿದ ಪ್ರಶ್ನೆಯನ್ನು ಅವಳು ಕೇಳಿದ ಹಾಗೇ ಹೇಳಿದೆ. ಹೇಳುವಾಗ ಪ್ರಭಾಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಕಂಪನಿಯ ವಕೀಲರು ಕಾಗದವನ್ನು ಫೈಲಿಗೆ ಸೇರಿಸಿ ಕೂತರು.

ಹೊರಗೆ ಬಂದು ಬಸ್‌ಸ್ಟಾಪಿನವರೆಗೆ ನಡೆದೆವು. ಪ್ರಭಾ ನನ್ನ ತೋಳನ್ನು ಎಂದಿನಂತೆ ಹಿಡಿದಿದ್ದಳು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು.

"ಆ ಯಮ್ಮ ಈಗ ಎಲ್ಲಿದಾರೆ?" ಅಂದಳು.

ತೀರ್ಪು ಮೇ ಕೊನೆಯಲ್ಲಿ ಬಂತು. ಕೇಳಿದ್ದಕ್ಕಿಂತ ಕಡಿಮೆ, ಬೀದಿಯವರು ನ್ಯಾಯ ಅಂದುಕೊಂಡದ್ದಕ್ಕಿಂತ ಜಾಸ್ತಿ. ಹಗಲು ಹೊತ್ತಿಗೆ ಹಲಸೂರಿನಿಂದ ಸೆಲ್ವಿ ಅನ್ನುವವರು ಬರುತ್ತಾರೆ. ಪ್ರಭಾ ಜೂನ್ ಮೊದಲ ವಾರ ಶಾಲೆಗೆ ಹೋದಳು. ಹೋಗುವಾಗ ಗೇಟಿನ ಹತ್ತಿರ ಮಂಜುನಾಥಯ್ಯನವರು, "ಅಂತೂ ಹೊಡೀತಲ್ಲಮ್ಮ ಲಾಟರಿ!" ಅಂದರಂತೆ. ಅವಳು ನಿಂತು, "ಟಿಕೆಟ್ ನಿಮಗೆ ಬೇಕಿತ್ತಾ ಅಂಕಲ್?" ಅಂತ ಕೇಳಿದಳಂತೆ. ನನಗೆ ಅವರ ಮೇಲೆ ಕೋಪವಿಲ್ಲ. ಆ ಮಾತುಗಳನ್ನು ಅವರ ಬಾಯಿಗೆ ಹಾಕಿದವನು ನಾನೇ.

ಶರಣಮ್ಮನ ಕೇಸನ್ನೂ ನಡೆಸಿದ್ದವರು ಸಲ್ಮಾ ಮೇಡಂ. ಅವರು ಹಳೆಯ ಫೈಲು ಹುಡುಕಿ ತೆಗೆದರು. ಕೇಳಿದ್ದರಲ್ಲಿ ಆಕೆಗೆ ಐದನೇ ಒಂದು ಪಾಲೂ ಸಿಕ್ಕಿರಲಿಲ್ಲ. ತೀರ್ಪಿನಲ್ಲಿ ನನ್ನ ವಾಕ್ಯವನ್ನೇ ಎತ್ತಿ ಬರೆದಿದ್ದರು.

"ಅಪೀಲಿನ ಅವಧಿ ಯಾವಾಗ್ಲೋ ಮುಗಿದಿದೆ. ತಡ ಆಗಿದ್ದಕ್ಕೆ ಕಾರಣ ತೋರಿಸ್ಬೇಕು. ನೀವು ಅಫಿಡವಿಟ್ ಕೊಟ್ರೆ ಪ್ರಯತ್ನ ಮಾಡ್ತೀನಿ. ಗ್ಯಾರಂಟಿ ಇಲ್ಲ. ನಿಮ್ಮ ಹೆಸರಂತೂ ಕೆಡುತ್ತೆ" ಅಂದರು.

ಅಫಿಡವಿಟ್‌ಗೆ ಸಹಿ ಹಾಕಿದೆ. ಅಪೀಲಿನ ಕಾಗದಕ್ಕೆ ಶರಣಮ್ಮನ ಸಹಿ ಬೇಕಿತ್ತು. ಅದನ್ನು ನಾನೇ ತರುತ್ತೇನೆ ಅಂದೆ.

ಒಂದು ಭಾನುವಾರ ಬೆಳಿಗ್ಗೆ ಪ್ರಭಾ ಜೊತೆ ಕೆ.ಆರ್. ಪುರಕ್ಕೆ ಹೋದೆ. ಕೋಣೆ ಬದಲಾಗಿತ್ತು, ಓಣಿ ಅದೇ. ಕೈಯಲ್ಲಿ ಹಣ್ಣು ಹಿಡಿದಿರಲಿಲ್ಲ. ಶರಣಮ್ಮ ಬಾಗಿಲ ಪಕ್ಕ, ಎತ್ತರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕುರ್ಚಿಗೆ ಒರಗಿಸಿದ ಕೋಲು. ಅವಳ ಸೊಸೆ ಒಳಗೆ ಬಟ್ಟೆ ಮಡಚುತ್ತಿದ್ದಳು. ಬಾಗಿಲಲ್ಲಿ ನಿಂತ ನನ್ನನ್ನು ಶರಣಮ್ಮ ಒಂದು ನಿಮಿಷ ನೋಡಿದಳು. ಮುಖ ಅರಳಿತು.

"ಬಾಳಿಹಣ್ಣ ತಂದಿದ್ದ ಸಾಹೇಬ್ರಲ್ಲೇನ್ರಿ? ಬರ್ರಿ ಒಳಗ, ಕುಂದರ್ರಿ." ಸೊಸೆಗೆ ಹೇಳಿದಳು, "ನಾ ಬಿದ್ದಾಗ ಯಾರೂ ಹೊಳ್ಳಿ ನೋಡ್ಲಿಲ್ಲವ್ವಾ. ಈ ಸಾಹೇಬ್ರು ಒಬ್ಬರೇ ಮನೀ ತನಕ ಬಂದು ಹೆಂಗದಿಯವ್ವಾ ಅಂತ ಕೇಳಿದ್ರು."

ಏಳು ವರ್ಷ ಅವಳು ನನ್ನನ್ನು ಹೀಗೆ ನೆನಪಿಟ್ಟುಕೊಂಡಿದ್ದಳು.

ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಪ್ರಭಾ ನನ್ನ ಬೆನ್ನ ಮೇಲೆ ಕೈ ಇಟ್ಟಳು. ನೆಲದ ಮೇಲೆ ಕೂತು, ಶರಣಮ್ಮನ ಮುಖ ನೋಡುತ್ತಾ, ನಾನು ಯಾರ ಪರವಾಗಿ ಬಂದಿದ್ದೆ, ಏನು ಬರೆದೆ, ಅದರಿಂದ ಏನಾಯಿತು ಅಂತ ಹೇಳಿದೆ. ಎರಡು ಕಡೆ ಪದ ಸಿಗಲಿಲ್ಲ. ಪ್ರಭಾ ಹೇಳಿಕೊಟ್ಟಳು. ಶರಣಮ್ಮ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೂ ನಾಲ್ಕೈದು ಎಸಳು ಸುಲಿದು ಬುಟ್ಟಿಗೆ ಹಾಕಿದಳು. ಆಮೇಲೆ ಕೇಳಿದಳು:

"ಹಂಗಾರ ಅವತ್ತ ನಾ ಚಾ ಮಾಡಬಾರದಾಗಿತ್ತೇನ್ರಿ?"

ಕೋಪವಿರಲಿಲ್ಲ. ತಾನೇ ಏನೋ ತಪ್ಪು ಮಾಡಿದೆನೇನೋ ಅಂತ ನಿಜವಾಗಿಯೇ ಕೇಳುತ್ತಿದ್ದಳು. ಪ್ರಭಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ನಿಮ್ಮ ತಪ್ಪಿಲ್ಲಮ್ಮ" ಅಂದೆ. "ನನ್ನದು."

ಅವಳು ಕಾಗದಕ್ಕೆ ಕೈ ಚಾಚಿದಳು. ಸೊಸೆ ಓದಿ ಹೇಳಿದಳು. ಶರಣಮ್ಮ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಒತ್ತಿ ಬರೆದು ಸಹಿ ಮಾಡಿ ವಾಪಸ್ ಕೊಟ್ಟಳು. ಕೊಡುವಾಗ ನನ್ನ ಮುಖ ನೋಡಲಿಲ್ಲ. ಅಪೀಲು ನಿಲ್ಲುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಮನೆಗೆ ಬಂದವರು ಹೊರಡುತ್ತಿದ್ದಾರೆ ಅಂತ ಸೊಸೆ ಟೀ ಮಾಡಲು ಎದ್ದು ಒಲೆಯ ಕಡೆ ಹೋದಳು, ಪಾತ್ರೆಗೆ ನೀರು ಬಗ್ಗಿಸಿದಳು. ಶರಣಮ್ಮ ಕೋಲು ಅಡ್ಡ ಹಿಡಿದಳು.

"ಬ್ಯಾಡ. ಕುಂದ್ರು" ಅಂದಳು.

ನಾವು ಏನೂ ಕುಡಿಯದೆ ಎದ್ದು ಬಂದೆವು. ಅವಳು ಮಾಡಿದ್ದು ಸರಿ. ಅವತ್ತು ನಾನು ಅನ್ನದೆ ಉಳಿದ ಮಾತನ್ನು ಅವಳೇ ಅಂದದ್ದು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು.